ಜವೆಗೋದಿಯ ತೆನೆ, ಬಿದಿಗೆಯ ಚಂದ್ರ

2024ರ ಯುಗಾದಿ ಏಪ್ರಿಲ್ 9ರಂದು ಬಂತು. 2025ರದು ಮಾರ್ಚ್ 30ಕ್ಕೆ, 2026ರದು ಮಾರ್ಚ್ 19ಕ್ಕೆ. ಯೆಹೂದ್ಯರ ಪಂಚಾಂಗ ತೆರೆದು ಈ ಮೂರು ದಿನಗಳನ್ನು ಹುಡುಕಿದರೆ ಮೂರರ ಎದುರಿಗೂ ಒಂದೇ ಬರಹ ಕಾಣುತ್ತದೆ: ನೀಸಾನ್ ಒಂದು. ಇಸ್ರಾಯೇಲ್ಯರು ಐಗುಪ್ತದಿಂದ ಹೊರಡುವ ಮುನ್ನ, ಇನ್ನು ಮೇಲೆ ನಿಮಗೆ ಇದೇ ವರ್ಷದ ಮೊದಲ ತಿಂಗಳು ಎಂದು ಮೋಶೆಗೆ ಅಪ್ಪಣೆಯಾಯಿತೆಂದು ವಿಮೋಚನಕಾಂಡದ 12ನೆಯ ಅಧ್ಯಾಯ ಹೇಳುತ್ತದಲ್ಲ, ಅದೇ ತಿಂಗಳು ಇದು. ಕನ್ನಡ ಸತ್ಯವೇದದಲ್ಲಿ ಈ ತಿಂಗಳನ್ನು ಚೈತ್ರಮಾಸ ಎಂದು ಅನುವಾದಿಸಿರುವುದುಂಟು. ಆ ಅನುವಾದಕರು ಸುಮ್ಮನೆ ಹತ್ತಿರದ ಪದವೊಂದನ್ನು ಎತ್ತಿಕೊಂಡಿರಲಿಲ್ಲ. ಆಕಾಶದ ಲೆಕ್ಕ ಅವರ ಪರವಾಗಿಯೇ ಇದೆ.

ಬೈಬಲ್ ಓದುವ ಕನ್ನಡಿಗರಿಗೆ ಇದೊಂದು ದೊಡ್ಡ ಅನುಕೂಲ ಎಂದು ನನಗೆ ಅನಿಸುತ್ತದೆ. ಜನವರಿ ಫೆಬ್ರವರಿಯ ಲೆಕ್ಕವನ್ನಷ್ಟೇ ಬಲ್ಲವರಿಗೆ ಐಗುಪ್ತದಿಂದ ಹೊರಟದ್ದರ ನೆನಪಿನ ಪಸ್ಕ ಹಬ್ಬ ಪ್ರತಿವರ್ಷ ಏಕೆ ಹಿಂದೆಮುಂದೆ ಸರಿಯುತ್ತದೆ, ಅದರ ಬೆನ್ನು ಹಿಡಿದ ಈಸ್ಟರ್ ಏಕೆ ಅಲೆದಾಡುತ್ತದೆ ಎಂಬುದು ಒಗಟು. ನಮ್ಮ ಮನೆಗಳಲ್ಲಿ ಅಧಿಕಮಾಸ ಎಂದರೆ ಅಜ್ಜಿಗೂ ಗೊತ್ತು. ಆ ಒಂದು ಪದ ಗೊತ್ತಿದ್ದರೆ ಇಬ್ರಿಯ ಪಂಚಾಂಗದ ಅರ್ಧ ದಾರಿ ಕ್ರಮಿಸಿದಂತೆ.

ತೊಡಕು ಇರುವುದು ಇಲ್ಲಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಅಂಥ ಹನ್ನೆರಡು ತಿಂಗಳು ಸೇರಿದರೆ 354 ದಿನಗಳಾಗುತ್ತವೆ. ಸೂರ್ಯನ ವರ್ಷಕ್ಕೆ ಸುಮಾರು ಹನ್ನೊಂದು ದಿನ ಕಡಮೆ. ಈ ಕೊರತೆಯನ್ನು ತುಂಬದೆ ಹಾಗೆಯೇ ಬಿಟ್ಟರೆ ಹಬ್ಬಗಳು ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. ಇಸ್ಲಾಮಿನ ಪಂಚಾಂಗ ಹಾಗೆ ಬಿಟ್ಟಿರುವುದರಿಂದಲೇ ರಂಜಾನ್ ಒಮ್ಮೆ ಸುಡುಬೇಸಿಗೆಯಲ್ಲಿ, ಇನ್ನೊಮ್ಮೆ ಚಳಿಯಲ್ಲಿ ಬರುತ್ತದೆ. ಇಸ್ರಾಯೇಲ್ಯರಿಗೆ ಆ ದಾರಿ ಮುಚ್ಚಿತ್ತು. ಪಸ್ಕದ ಹುಣ್ಣಿಮೆಗೆ ಹೊಲದಲ್ಲಿ ಜವೆಗೋದಿ ತೆನೆಗಟ್ಟಿರಲೇಬೇಕು ಎಂಬುದು ಅವರ ಧರ್ಮಶಾಸ್ತ್ರದ ಕಟ್ಟಳೆ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹದಿಮೂರನೆಯ ತಿಂಗಳೊಂದನ್ನು ಸೇರಿಸಬೇಕಾಯಿತು. ನಮ್ಮಲ್ಲಿ ಸಂಕ್ರಮಣವಿಲ್ಲದ ಯಾವ ತಿಂಗಳಾದರೂ ಅಧಿಕವಾಗಬಹುದು. ಅವರಲ್ಲಿ ಯಾವಾಗಲೂ ವರ್ಷದ ಕೊನೆಯ ತಿಂಗಳಾದ ಅದಾರ್ ಮಾತ್ರ ಇಮ್ಮಡಿಯಾಗುತ್ತದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂತು, ಅವರಿಗೆ 2024ರ ಆರಂಭದಲ್ಲಿ ಎರಡು ಅದಾರ್ ಬಂದವು. ಇಬ್ಬರೂ ಬೇರೆ ಬೇರೆ ಕಡೆ ತಿಂಗಳನ್ನು ಸೇರಿಸಿಕೊಂಡು 2024ರ ಏಪ್ರಿಲ್ 9ರ ಹೊತ್ತಿಗೆ ಮತ್ತೆ ಜೊತೆಗೂಡಿದರು.

ಸದಾ ಹೀಗೆ ಕೂಡುವುದಿಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲಿ ನೀಸಾನ್ ಒಂದು ಮಾರ್ಚ್ 14ಕ್ಕೆ ಬಂದಿತ್ತು, ನಮ್ಮ ಯುಗಾದಿ ಏಪ್ರಿಲ್ 13ಕ್ಕೆ. ಚೈತ್ರ ಮೇಷ ಸಂಕ್ರಮಣಕ್ಕೆ ಕಟ್ಟುಬಿದ್ದಿದೆ, ನೀಸಾನ್ ವಸಂತ ವಿಷುವಕ್ಕೆ. ಈ ಎರಡರ ನಡುವೆ ಈಗ ಸುಮಾರು ಇಪ್ಪತ್ನಾಲ್ಕು ದಿನಗಳ ಅಂತರವಿದೆ. ಆ ಸಂದಿಯಲ್ಲಿ ಸಿಕ್ಕಿದ ವರ್ಷಗಳಲ್ಲಿ ಎರಡು ಪಂಚಾಂಗಗಳೂ ಒಂದು ತಿಂಗಳು ಅಗಲಿರುತ್ತವೆ.

ಈ ತಿಂಗಳಿನ ಹಳೆಯ ಹೆಸರು ಅಬೀಬ್. ಬಲಿತಿದ್ದರೂ ಇನ್ನೂ ಪೂರ್ತಿ ಒಣಗದ ಜವೆಗೋದಿಯ ತೆನೆ ಎಂದು ಅದರ ಅರ್ಥ. ಐಗುಪ್ತದ ಮೇಲೆ ಆಲಿಕಲ್ಲಿನ ಮಳೆ ಸುರಿದಾಗ ಜವೆಗೋದಿಯೂ ಅಗಸೆಯೂ ಹಾಳಾದವು, ಗೋದಿ ಉಳಿಯಿತು ಎಂದು ವಿಮೋಚನಕಾಂಡ ಬರೆದಿಟ್ಟಿದೆ. ಜವೆಗೋದಿ ತೆನೆಬಿಟ್ಟಿತ್ತು, ಅಗಸೆ ಮೊಗ್ಗಾಗಿತ್ತು, ಗೋದಿ ಹಿಂದೆ ಬೀಳುವ ಬೆಳೆ ಎಂಬ ಕಾರಣವನ್ನೂ ಕೊಡುತ್ತದೆ. ಇಂಥ ಸಾಲುಗಳನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಕಥೆ ನಡೆದ ತಿಂಗಳನ್ನು ಹೊಲವೇ ಸಾಕ್ಷಿ ಹೇಳುವ ಜಾಗವದು.

1908ರಲ್ಲಿ ಪುರಾತತ್ತ್ವಜ್ಞ ಮೆಕಲಿಸ್ಟರ್ ಅವರು ಗೆಜೆರ್ ಎಂಬ ಹಳೆಯ ಊರಿನ ದಿಬ್ಬವನ್ನು ಅಗೆಸುತ್ತಿದ್ದಾಗ ಅಂಗೈಯಗಲದ ಒಂದು ಸುಣ್ಣಕಲ್ಲು ಸಿಕ್ಕಿತು. ಕ್ರಿಸ್ತಪೂರ್ವ ಹತ್ತನೆಯ ಶತಮಾನದ್ದೆಂದು ಲೆಕ್ಕಹಾಕಿರುವ ಆ ಕಲ್ಲು ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಒಂದು ವರ್ಷದ ಕೆಲಸದ ಪಟ್ಟಿ ಕೊರೆದಿದೆ: ಕೂಡಿಡುವ ಎರಡು ತಿಂಗಳು, ಬಿತ್ತುವ ಎರಡು ತಿಂಗಳು, ಹಿಂದೆ ಬಿತ್ತುವ ಎರಡು ತಿಂಗಳು, ಅಗಸೆ ಕೀಳುವ ತಿಂಗಳು, ಜವೆಗೋದಿ ಕೊಯ್ಯುವ ತಿಂಗಳು, ಹೀಗೆ ಬೇಸಿಗೆಯ ಹಣ್ಣಿನವರೆಗೆ. ಈ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡು ಯೆಹೋಶುವನ ಗ್ರಂಥ ತೆರೆದರೆ ಒಂದು ಸಂತೋಷ ಕಾದಿರುತ್ತದೆ. ಯೆರಿಕೋವಿನ ರಾಹಾಬಳು ಇಸ್ರಾಯೇಲ್ಯರ ಗೂಢಚಾರರನ್ನು ಬಚ್ಚಿಟ್ಟದ್ದು ಮಾಳಿಗೆಯ ಮೇಲೆ ಹರಡಿದ್ದ ಅಗಸೆಯ ದಂಟುಗಳ ಕೆಳಗೆ. ಕೆಲವೇ ದಿನಗಳಲ್ಲಿ, ಮೊದಲ ತಿಂಗಳ ಹತ್ತನೆಯ ದಿನ, ಜನರು ಯೊರ್ದನ್ ದಾಟಿದರು. ಅಗಸೆ ಕಿತ್ತು ಒಣಹಾಕಿ ಜವೆಗೋದಿಗೆ ಕುಡುಗೋಲು ಹಾಕುವ ದಿನಗಳು ಅವು. ಗೆಜೆರಿನ ಕಲ್ಲಿನಲ್ಲೂ ಇದೇ ಅನುಕ್ರಮ.

ಅದೇ ಜಾಗದಲ್ಲಿ, ಸುಗ್ಗಿಯ ಕಾಲದಲ್ಲೆಲ್ಲಾ ಯೊರ್ದನ್ ದಡಮೀರಿ ಹರಿಯುತ್ತಿತ್ತು ಎಂಬ ಮಾತೂ ಬರುತ್ತದೆ. ಕಾವೇರಿ, ತುಂಗಭದ್ರೆಯರು ಆಷಾಢ ಶ್ರಾವಣದಲ್ಲಿ ತುಂಬುವುದನ್ನು ಕಂಡವರಿಗೆ ಸುಗ್ಗಿಯಲ್ಲಿ ನೆರೆ ಎಂದರೆ ವಿಚಿತ್ರ. ಅಲ್ಲಿ ಹೆರ್ಮೋನ್ ಬೆಟ್ಟದ ಹಿಮ ಕರಗುವುದೂ ಚಳಿಗಾಲದ ಮಳೆಯ ಕೊನೆಯ ಪಾಲು ಇಳಿಯುವುದೂ ಈ ಹೊತ್ತಿಗೇ.

ಚೈತ್ರದ ಹೋಲಿಕೆಯನ್ನು ನಂಬಿ ಮುಂದೆ ಹೋದವರು ಎಡವುವ ಜಾಗ ಇದು. ತಿಂಗಳು ನಮ್ಮದರಂತೆಯೇ, ಮಳೆ ಮಾತ್ರ ತಿರುವುಮುರುವು. ಯೆರೂಸಲೇಮಿನಲ್ಲಿ ಅಕ್ಟೋಬರ್ ಕೊನೆಯ ಹೊತ್ತಿಗೆ ಮೊದಲ ಮಳೆ. ನಡುಚಳಿಯಲ್ಲಿ ಹೆಚ್ಚು ಮಳೆ, ಏಪ್ರಿಲ್ ಹೊತ್ತಿಗೆ ಕೊನೆಯ ಮಳೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆಕಾಶ ಬರಿದು. ಕನ್ನಡ ಸತ್ಯವೇದದಲ್ಲಿ ಮುಂಗಾರು ಹಿಂಗಾರು ಎಂದು ಓದಿದಾಗ ನಮ್ಮ ಕಣ್ಣಿಗೆ ಜೂನ್ ತಿಂಗಳ ಕಪ್ಪು ಮೋಡ ಬರುತ್ತದೆ. ಅಲ್ಲಿಯ ಮುಂಗಾರು ನಮ್ಮ ದೀಪಾವಳಿಯ ಆಸುಪಾಸಿನದು. ಹಿಂಗಾರು ನಮ್ಮ ಯುಗಾದಿಯ ಆಸುಪಾಸಿನದು. ಇಬ್ರಿಯ ಭಾಷೆಯಲ್ಲಿ ಮೊದಲನೆಯದಕ್ಕೆ ಯೋರೆ, ಕೊನೆಯದಕ್ಕೆ ಮಲ್ಕೋಷ್ ಎಂದು ಹೆಸರು. ಸಮುವೇಲನು ಗೋದಿ ಕೊಯ್ಲಿನ ದಿನ ಗುಡುಗು ಮಳೆ ತರಿಸಿದಾಗ ಜನ ನಡುಗಿದ್ದೇಕೆ ಎಂಬುದು ಇದನ್ನು ತಿಳಿಯದೆ ಅರ್ಥವಾಗುವುದಿಲ್ಲ. ನಮಗೆ ಅಕಾಲದ ಮಳೆ ಬೆಳೆ ಕೆಡಿಸುವ ಮಾಮೂಲಿ ಸಂಕಟ. ಅವರಿಗೆ ಗೋದಿ ಕೊಯ್ಯುವಾಗ ಮಳೆ ಬರುವುದೆಂದರೆ ಆಕಾಶದ ನಿಯಮವೇ ಮುರಿದಂತೆ.

ಅನುವಾದದ ಇನ್ನೊಂದು ಪದವೂ ಹೀಗೆಯೇ ಎಚ್ಚರ ಬೇಡುತ್ತದೆ. ದಾವೀದನು ನಾಳೆ ಅಮಾವಾಸ್ಯೆ, ಅರಸನ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು ಎನ್ನುವಾಗ ನಮಗೆ ಕತ್ತಲೆಯ ರಾತ್ರಿ ನೆನಪಾಗುತ್ತದೆ. ಅವನು ಎದುರುನೋಡುತ್ತಿದ್ದದ್ದು ಪಡುವಣದಲ್ಲಿ ಮೂಡುವ ತೆಳುಗೆರೆಯ ಹೊಸ ಚಂದ್ರನನ್ನು, ನಮ್ಮ ಲೆಕ್ಕದಲ್ಲಿ ಬಿದಿಗೆಯ ಚಂದ್ರನನ್ನು. ತಿಂಗಳು ಎಂಬುದಕ್ಕೆ ಇಬ್ರಿಯದಲ್ಲಿರುವ ಖೋದೆಷ್ ಎಂಬ ಪದದ ಬೇರು ಹೊಸತು ಎಂಬ ಅರ್ಥದ್ದು. ದಿನ ಶುರುವಾಗುವುದೂ ಸಂಜೆಗೆ. ಚಂದ್ರನ ಗೆರೆ ಕಾಣುವುದು ಸೂರ್ಯಾಸ್ತದ ಹೊತ್ತಿನಲ್ಲಾದ್ದರಿಂದ ತಿಂಗಳೂ ದಿನವೂ ಒಂದೇ ಹೊಸ್ತಿಲಲ್ಲಿ ಕಾಲಿಡುತ್ತವೆ. ಶುಕ್ರವಾರ ಸಂಜೆ ಸೂರ್ಯ ಮುಳುಗುವ ಮೊದಲು ಯೇಸುವಿನ ದೇಹವನ್ನು ಸಮಾಧಿ ಮಾಡಲು ಅಷ್ಟೊಂದು ಆತುರ ಏಕೆಂದರೆ ಆಗಲೇ ಸಬ್ಬತ್ ದಿನ ಆರಂಭವಾಗುತ್ತಿತ್ತು.

ಹೊಸ ಚಂದ್ರನನ್ನು ಕಂಡವರಾರು ಎಂದು ತೀರ್ಮಾನಿಸುವ ಬಗೆಯನ್ನು ಯೆಹೂದ್ಯರ ಧರ್ಮಸಂಹಿತೆಯಾದ ಮಿಷ್ನಾ ವಿವರವಾಗಿ ಕಟ್ಟಿಕೊಡುತ್ತದೆ. ಯೆರೂಸಲೇಮಿನಲ್ಲಿ ಬೇತ್ ಯಾಜೇಕ್ ಎಂಬ ದೊಡ್ಡ ಅಂಗಳವಿತ್ತು. ಸಾಕ್ಷಿಗಳು ಅಲ್ಲಿಗೆ ಬರುತ್ತಿದ್ದರು. ಮುಂದಿನ ಸಲವೂ ಬರಲಿ ಎಂದು ಅವರಿಗೆ ಹೊಟ್ಟೆತುಂಬ ಊಟ ಹಾಕುತ್ತಿದ್ದರು. ಚಂದ್ರನು ಸೂರ್ಯನಿಗೆ ಉತ್ತರಕ್ಕಿದ್ದನೋ ದಕ್ಷಿಣಕ್ಕಿದ್ದನೋ, ಎಷ್ಟು ಎತ್ತರವಿದ್ದನು, ಕೋಡು ಯಾವ ಕಡೆ ಬಾಗಿತ್ತು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಯೆಹೂದ್ಯರ ಧರ್ಮಗುರು ರಬ್ಬಾನ್ ಗಮಲಿಯೇಲರ ಕೋಣೆಯ ಗೋಡೆಯ ಮೇಲೆ ಚಂದ್ರನ ರೂಪಗಳ ಚಿತ್ರವಿತ್ತು. ಓದುಬರಹ ಬಾರದ ಸಾಕ್ಷಿಗೆ ಅದನ್ನು ತೋರಿಸಿ ಇದರಂತೆ ಕಂಡೆಯೋ ಅದರಂತೆಯೋ ಎಂದು ವಿಚಾರಿಸುತ್ತಿದ್ದರು. ಸಾಕ್ಷ್ಯ ಒಪ್ಪಿತವಾದರೆ ಎಣ್ಣೆಮರಗಳ ಗುಡ್ಡದ ಮೇಲೆ ಬೆಂಕಿ. ಅದನ್ನು ಕಂಡು ಸರ್ತಬಾ ಬೆಟ್ಟದಲ್ಲಿ, ಅಲ್ಲಿಂದ ಮುಂದಿನ ಬೆಟ್ಟದಲ್ಲಿ, ಹೀಗೆ ಬಾಬೆಲಿನ ಕಡೆಯವರೆಗೆ ಬೆಂಕಿಯೇ ಸುದ್ದಿಯನ್ನು ಒಯ್ಯುತ್ತಿತ್ತು. ಮುಂದೆ ಸಮಾರ್ಯದವರು ಸುಳ್ಳು ಬೆಂಕಿ ಹಚ್ಚತೊಡಗಿದರೆಂದು ದೂತರನ್ನು ಕಳಿಸುವ ಪದ್ಧತಿ ಬಂತು. ದೂತರ ಕಾಲುನಡಿಗೆ ತಲುಪದ ದೂರದ ಊರುಗಳವರು ಸಂಶಯಕ್ಕೆ ಎಡೆಯಿರಬಾರದೆಂದು ಹಬ್ಬವನ್ನು ಎರಡು ದಿನ ಆಚರಿಸಿದರು. ಇಸ್ರೇಲಿನ ಹೊರಗಿರುವ ಸಂಪ್ರದಾಯಸ್ಥ ಯೆಹೂದ್ಯರು ಇಂದಿಗೂ ಎರಡು ದಿನವೇ ಆಚರಿಸುತ್ತಾರೆ.

ಅಧಿಕಮಾಸ ಬೇಕೋ ಬೇಡವೋ ಎಂಬುದನ್ನೂ ಆಗ ಕಣ್ಣಳತೆಯಲ್ಲೇ ನಿರ್ಧರಿಸುತ್ತಿದ್ದರು. ತೆನೆ ಬಲಿತಿದೆಯೇ, ಮರದ ಹಣ್ಣು ಎಷ್ಟರಮಟ್ಟಿಗಿದೆ, ವಿಷುವ ಎಂದು ಬೀಳುತ್ತದೆ, ಈ ಮೂರು ಗುರುತುಗಳಲ್ಲಿ ಎರಡಾದರೂ ಕೂಡಬೇಕಿತ್ತು. ಪಾರಿವಾಳದ ಮರಿಗಳು ಇನ್ನೂ ಎಳೆಯವು, ಕುರಿಮರಿಗಳು ಬಡಕಲು, ಬೆಳೆ ಬಲಿತಿಲ್ಲ, ಆದ್ದರಿಂದ ಈ ವರ್ಷಕ್ಕೆ ಮೂವತ್ತು ದಿನ ಸೇರಿಸಿದ್ದೇವೆ ಎಂದು ಗಮಲಿಯೇಲರು ದೂರದ ಸಭೆಗಳಿಗೆ ಬರೆಸಿದ ಪತ್ರದ ಸಂಗತಿ ಮಿಷ್ನಾದ ವ್ಯಾಖ್ಯಾನವಾದ ತಾಲ್ಮೂದಿನಲ್ಲಿದೆ. ಪಂಚಾಂಗ ಎಂದರೆ ನನಗೆ ಮೊದಲು ನೆನಪಾಗುವುದು ಈ ಪತ್ರ. ವರ್ಷದ ಉದ್ದವನ್ನು ಕುರಿಮರಿಯ ಮೈ ಮುಟ್ಟಿ ಅಳೆದವರು ಅವರು.

ಕ್ರಿಸ್ತಶಕ 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ಮೇಲೆ, ಜನ ಚದರಿಹೋದಂತೆ, ಕಣ್ಣಿನ ಲೆಕ್ಕದ ಜಾಗವನ್ನು ಗಣಿತ ತುಂಬಬೇಕಾಯಿತು. ಹಿಲ್ಲೇಲ್ ಎಂಬ ಮುಖಂಡರು ನಾಲ್ಕನೆಯ ಶತಮಾನದಲ್ಲಿ ಈ ಗಣಿತವನ್ನು ಬಹಿರಂಗಪಡಿಸಿದರು ಎಂಬುದು ಪರಂಪರೆಯ ಮಾತು. ಅದು ಇಂದಿನ ರೂಪಕ್ಕೆ ಬರಲು ಇನ್ನೂ ಕೆಲವು ಶತಮಾನ ಹಿಡಿಯಿತೆಂದು ವಿದ್ವಾಂಸರು ತೋರಿಸಿದ್ದಾರೆ. ಗಣಿತದ ಬೆನ್ನೆಲುಬು ಇಷ್ಟು: 19 ಸೂರ್ಯವರ್ಷಗಳಲ್ಲಿ 235 ಚಾಂದ್ರಮಾಸಗಳು ಬಹುತೇಕ ಸರಿಯಾಗಿ ಹಿಡಿಸುತ್ತವೆ. ಎರಡರ ನಡುವೆ ಸುಮಾರು ಎರಡು ಗಂಟೆಯ ವ್ಯತ್ಯಾಸವಷ್ಟೇ. 19 ವರ್ಷಕ್ಕೆ 228 ಸಾಧಾರಣ ತಿಂಗಳು ಕಳೆದರೆ ಉಳಿಯುವುದು ಏಳು. ಹಾಗಾಗಿ 3, 6, 8, 11, 14, 17, 19ನೆಯ ವರ್ಷಗಳಿಗೆ ಅಧಿಕ ಅದಾರ್. ತಿಂಗಳ ಉದ್ದವನ್ನು 29 ದಿನ, 12 ಗಂಟೆ, 793 ಭಾಗ ಎಂದು ಹಿಡಿದರು. ಒಂದು ಗಂಟೆಗೆ 1080 ಭಾಗ. ಇದು ಬಾಬೆಲಿನ ಜ್ಯೋತಿರ್ವಿದರಿಂದ ಬಂದ ಅಳತೆ. ಗ್ರೀಕ್ ಖಗೋಳಜ್ಞ ಟಾಲೆಮಿಯ ಗ್ರಂಥದಲ್ಲೂ ಇದೇ ಸಂಖ್ಯೆಯಿದೆ. ಇಂದಿನ ಅಳತೆಗೂ ಇದಕ್ಕೂ ತಿಂಗಳಿಗೆ ಒಂದು ಸೆಕೆಂಡಿನಷ್ಟೂ ಅಂತರವಿಲ್ಲ. ತಿಂಗಳ ಹೆಸರುಗಳೂ ಬಾಬೆಲಿನವೇ. ಬಾಬೆಲಿನ ಸೆರೆಯಿಂದ ಮರಳಿದ ಯೆಹೂದ್ಯರು ಅಬೀಬನ್ನು ನೀಸಾನ್ ಎಂದು ಕರೆಯುತ್ತಾ ಬಂದರು. ಅದಕ್ಕೇ ಎಸ್ತೇರಳು, ನೆಹೆಮೀಯ, ಜೆಕರ್ಯರಂಥ ಕೊನೆಯ ಕಾಲದ ಗ್ರಂಥಗಳಲ್ಲಿ ಮಾತ್ರ ಆ ಹೆಸರುಗಳು ಕಾಣುತ್ತವೆ.

ಲೆಕ್ಕ ಬಂದ ಮೇಲೆ ಜಗಳ ತಪ್ಪಿತೆಂದಲ್ಲ. ತಿಂಗಳುಗಳ ಎಣಿಕೆ ನೀಸಾನಿನಿಂದಾದರೂ ಹೊಸವರ್ಷದ ಹಬ್ಬ ಬರುವುದು ಏಳನೆಯ ತಿಂಗಳಾದ ತಿಶ್ರೀಯಲ್ಲಿ. ಆ ವರ್ಷಾರಂಭದ ಚಾಂದ್ರಯೋಗ, ಅಂದರೆ ಅಮಾವಾಸ್ಯೆಯ ಕ್ಷಣ, ನಡುಮಧ್ಯಾಹ್ನ ದಾಟಿದರೆ ಹಬ್ಬವನ್ನು ಮುಂದೂಡಬೇಕೆಂಬ ನಿಯಮವಿದೆ. 923ರಲ್ಲಿ ಬರಲಿದ್ದ ಹೊಸವರ್ಷಕ್ಕೆ ಆ ಕ್ಷಣ ಶನಿವಾರ ಮಧ್ಯಾಹ್ನದ ಮೇಲೆ 237 ಭಾಗಕ್ಕೆ, ಅಂದರೆ 13 ನಿಮಿಷ 10 ಸೆಕೆಂಡಿಗೆ ಬೀಳುತ್ತಿತ್ತು. ಪ್ಯಾಲೆಸ್ತೀನಿನ ಗುರುಪೀಠದ ಬೆನ್ ಮೇಯಿರ್ 642 ಭಾಗದವರೆಗೆ ರಿಯಾಯಿತಿ ಉಂಟು ಎಂದರು. ಬಾಬೆಲಿನ ಗುರುಪೀಠಗಳ ಪಕ್ಷ ವಹಿಸಿದ ಸಾದಿಯಾ ಎಂಬ ಪಂಡಿತರು ಒಪ್ಪಲಿಲ್ಲ. ಆ ಒಂದು ಬಿಂದುವಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದಾಗ 922ರ ಪಸ್ಕ ಒಬ್ಬರಿಗೆ ಭಾನುವಾರ, ಇನ್ನೊಬ್ಬರಿಗೆ ಮಂಗಳವಾರ ಆಯಿತು. ಒಂದೇ ಜನ ಆ ವರ್ಷ ಎರಡು ಬೇರೆ ದಿನ ಹುಳಿಯಿಲ್ಲದ ರೊಟ್ಟಿ ತಿಂದರು. ಕೊನೆಗೆ ನಿಂತದ್ದು ಸಾದಿಯಾ ಅವರ ಪಕ್ಷ. ಇಂದಿನ ಪಂಚಾಂಗ ಅದೇ.

ಆ ಗಣಿತಕ್ಕೂ ಒಂದು ಸೋರಿಕೆ ಇದೆ. ಇಬ್ರಿಯ ವರ್ಷದ ಸರಾಸರಿ ಋತುವರ್ಷಕ್ಕಿಂತ ಆರೂವರೆ ನಿಮಿಷದಷ್ಟು ಉದ್ದ. ಇದರಿಂದ ಇನ್ನೂರು ಚಿಲ್ಲರೆ ವರ್ಷಕ್ಕೆ ಒಂದು ದಿನದಂತೆ ಹಬ್ಬಗಳು ಹಿಂದೆ ಬೀಳುತ್ತಿವೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಮುಗಿದಿತ್ತು, ಪಸ್ಕ ಏಪ್ರಿಲ್ 23ಕ್ಕೆ ಬಂತು. ಯೇಸು ಪಸ್ಕದಲ್ಲಿ ಸತ್ತರೆ ಈಸ್ಟರ್ ಅದಕ್ಕಿಂತ ಮೊದಲು ಹೇಗೆ ಬಂತು ಎಂದು ಆ ವರ್ಷ ಗೊಂದಲಗೊಂಡವರಿಗೆ ಉತ್ತರ ಇಲ್ಲಿದೆ. 325ರ ನಿಕೇಯ ಸಭೆಯ ನಂತರ ಕ್ರೈಸ್ತರು ತಮ್ಮ ಹುಣ್ಣಿಮೆಯನ್ನು ತಾವೇ ಲೆಕ್ಕಹಾಕಿಕೊಳ್ಳುತ್ತಾರೆ, ಯೆಹೂದ್ಯರ ಅಧಿಕಮಾಸಕ್ಕೆ ಕಾಯುವುದಿಲ್ಲ.

ಹಬ್ಬಗಳ ಪಟ್ಟಿ ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿದೆ. ನೀಸಾನ್ 14ರ ಸಂಜೆ ಪಸ್ಕದ ಕುರಿಮರಿ, ಮರುದಿನದಿಂದ ಏಳು ದಿನ ಹುಳಿಯಿಲ್ಲದ ರೊಟ್ಟಿಯ ಹಬ್ಬ. ಅದರ ನಡುವೆ ಬೆಳೆಯ ಮೊದಲ ಸಿವುಡನ್ನು ದೇವರ ಮುಂದೆ ಎತ್ತಿ ಆಡಿಸುವ ದಿನ. ಆ ದಿನದವರೆಗೆ ಹೊಸ ಧಾನ್ಯವನ್ನು ಬಾಯಿಗಿಡುವಂತಿರಲಿಲ್ಲ. ಕೊಡಗಿನ ಪುತ್ತರಿ ಕಂಡವರಿಗೆ, ಸೆಪ್ಟೆಂಬರಿನಲ್ಲಿ ಹೊಸ ತೆನೆಯನ್ನು ಚರ್ಚಿಗೊಯ್ಯುವ ಮಂಗಳೂರಿನ ಕಥೋಲಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಏಳು ವಾರ ಎಣಿಸಿ ಐವತ್ತನೆಯ ದಿನ ಗೋದಿಯ ಹಬ್ಬ. ಅದೇ ಅಪೊಸ್ತಲರ ಕೃತ್ಯಗಳು ಹೇಳುವ ಪಂಚಾಶತ್ತಮ. ಆ ದಿನ ಅರ್ಪಿಸುವ ಎರಡು ರೊಟ್ಟಿಗಳಿಗೆ ಹುಳಿ ಹಾಕಬೇಕು ಎಂಬುದು ಪಸ್ಕಕ್ಕೆ ನೇರ ಎದುರಾದ ವಿಧಿ. ರೂತಳ ಕಥೆ ನಡೆಯುವುದು ಈ ಎರಡು ಕೊಯ್ಲುಗಳ ನಡುವೆ. ಜವೆಗೋದಿಯ ಕೊಯ್ಲು ಶುರುವಾಗುವಾಗ ಬೇತ್ಲೆಹೇಮಿಗೆ ಬಂದವಳು ಗೋದಿಯ ಕೊಯ್ಲು ಮುಗಿಯುವವರೆಗೆ ಹಕ್ಕಲಾಯ್ದಳು. ಯೆಹೂದ್ಯರು ಆ ಗ್ರಂಥವನ್ನು ವಾರಗಳ ಹಬ್ಬದಲ್ಲೇ ಓದುತ್ತಾರೆ.

ಏಳನೆಯ ತಿಂಗಳು ತಿಶ್ರೀ. ಒಂದನೆಯ ದಿನ ಕೊಂಬಿನ ಧ್ವನಿ, ಹತ್ತನೆಯ ದಿನ ದೋಷಪರಿಹಾರಕ ದಿನದ ಉಪವಾಸ, ಹದಿನೈದರ ಹುಣ್ಣಿಮೆಯಿಂದ ಪರ್ಣಶಾಲೆಗಳ ಹಬ್ಬ. ಐದು ತಿಂಗಳು ಹನಿ ಕಾಣದ ನೆಲ ಬಿರಿದಿರುತ್ತದೆ. ಬಾವಿಗಳು ತಳ ಕಂಡಿರುತ್ತವೆ. ಮುಂದಿನ ಬಿತ್ತನೆ ಮಳೆಗೆ ಕಾದಿರುತ್ತದೆ. ಆ ಹಬ್ಬದಲ್ಲಿ ಯಾಜಕರು ಸಿಲೋವ ಕೊಳದಿಂದ ಚಿನ್ನದ ಗಿಂಡಿಯಲ್ಲಿ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರೆಂದು ಮಿಷ್ನಾ ಹೇಳುತ್ತದೆ. ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ, ಇದೇ ಹಬ್ಬದ ಕೊನೆಯ ದಿನ, ಬಾಯಾರಿದವರು ನನ್ನ ಬಳಿಗೆ ಬರಲಿ ಎಂಬ ಕರೆ ಕೇಳುತ್ತದೆ. ಒಣಗಿದ ಆ ತಿಂಗಳನ್ನು ಮನಸ್ಸಿಗೆ ತಂದುಕೊಂಡು ಅದನ್ನು ಓದಿ ನೋಡಿ. ಅದಕ್ಕೆ ಮುಂಚಿನ ಅಧ್ಯಾಯದಲ್ಲಿ ಐದು ಸಾವಿರ ಜನ ಹುಲ್ಲಿನ ಮೇಲೆ ಕುಳಿತು ಉಂಡರು. ಪಸ್ಕ ಹತ್ತಿರವಿತ್ತೆಂದೂ ಅಲ್ಲಿ ಹುಲ್ಲು ಹೇರಳವಾಗಿತ್ತೆಂದೂ ಯೋಹಾನ ಬರೆಯುತ್ತಾನೆ. ಗಲಿಲಾಯದ ಬೆಟ್ಟ ಹಸಿರಾಗಿರುವುದು ಆ ಹೊತ್ತಿಗೇ.

ಹುಣ್ಣಿಮೆಯ ವಿಚಾರದಲ್ಲಿ ಇನ್ನೊಂದು ಮಾತು. ಯೇಸು ಶಿಲುಬೆಯಲ್ಲಿದ್ದಾಗ ಮೂರು ಗಂಟೆ ಕತ್ತಲೆ ಕವಿಯಿತೆಂದು ಸುವಾರ್ತೆಗಳು ಹೇಳುತ್ತವೆ. ಅದು ಸೂರ್ಯಗ್ರಹಣ ಎನ್ನುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಸೂರ್ಯಗ್ರಹಣಕ್ಕೆ ಅಮಾವಾಸ್ಯೆ ಬೇಕು, ಪಸ್ಕ ಹುಣ್ಣಿಮೆಯದು. ಮೂರನೆಯ ಶತಮಾನದಲ್ಲೇ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ಬರಹಗಾರ ಈ ತಪ್ಪನ್ನು ಎತ್ತಿ ತೋರಿಸಿದ್ದ. ಚಂದ್ರಗ್ರಹಣವಾದರೆ ಸಾಧ್ಯ. 1983ರಲ್ಲಿ ಆಕ್ಸ್‌ಫರ್ಡಿನ ಹಂಫ್ರೀಸ್ ಮತ್ತು ವಾಡಿಂಗ್ಟನ್ ಅವರು ನೇಚರ್ ಪತ್ರಿಕೆಯಲ್ಲಿ, 33ರ ಏಪ್ರಿಲ್ 3ರ ಶುಕ್ರವಾರ ಸಂಜೆ ಯೆರೂಸಲೇಮಿನಲ್ಲಿ ಚಂದ್ರ ಗ್ರಹಣ ಹಿಡಿದೇ ಮೂಡಿದನೆಂದು ಲೆಕ್ಕಹಾಕಿ ತೋರಿಸಿದರು. ನೀಸಾನ್ 14 ಶುಕ್ರವಾರಕ್ಕೆ ಬೀಳಬಹುದಾದ ದಿನಗಳಲ್ಲಿ ಅದೊಂದು, 30ರ ಏಪ್ರಿಲ್ 7 ಇನ್ನೊಂದು. ಶಿಲುಬೆಯ ದಿನ ಯಾವುದೆಂದು ಗ್ರಹಣವೊಂದೇ ತೀರ್ಮಾನಿಸದು. ಸೂರ್ಯಗ್ರಹಣವಂತೂ ಅಲ್ಲ ಎಂಬುದನ್ನು ಹಬ್ಬದ ತಿಥಿಯೇ ಹೇಳುತ್ತದೆ.

ಬೈಬಲ್ ಓದಲು ಕೂರುವಾಗ ಪಕ್ಕದಲ್ಲಿ ಮನೆಯ ಪಂಚಾಂಗವನ್ನೂ ಇಟ್ಟುಕೊಳ್ಳಿ ಎಂಬುದು ನನ್ನ ಕೋರಿಕೆ. ತಿಂಗಳ ಹೆಸರೋ ಹಬ್ಬದ ಹೆಸರೋ ಬಂದ ಕೂಡಲೇ ಕೇಳಿಕೊಳ್ಳಿ: ಆಕಾಶದಲ್ಲಿ ಚಂದ್ರ ಎಷ್ಟಿದ್ದ, ಹೊಲದಲ್ಲಿ ಏನಿತ್ತು, ಮಳೆ ಬರುವುದಿತ್ತೋ ಮುಗಿದಿತ್ತೋ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಿಂದ ಆರಂಭಿಸಬಹುದು. ಸೆರೆಯಾಳಾಗಿ ರೋಮಿಗೆ ಹೊರಟ ಪೌಲನು ಕ್ರೇತ ದ್ವೀಪದಲ್ಲಿ, ಇನ್ನು ಮುಂದೆ ಹೋಗುವುದು ಅಪಾಯ ಎಂದು ನಾವಿಕರನ್ನು ಎಚ್ಚರಿಸುತ್ತಾನೆ. ಉಪವಾಸದ ದಿನ ಆಗಲೇ ಕಳೆದಿತ್ತು ಎಂಬ ಒಂದೇ ಕಾರಣವನ್ನು ಲೂಕ ಬರೆಯುತ್ತಾನೆ. ಆ ಉಪವಾಸ ತಿಶ್ರೀ ಹತ್ತರದು. ಆಮೇಲೆ ಮೆಡಿಟರೇನಿಯನ್ ಸಮುದ್ರದಲ್ಲಿ ಚಳಿಗಾಲದ ಬಿರುಗಾಳಿ ಏಳುತ್ತದೆ. ನಾವಿಕರು ಅವನ ಮಾತು ಕೇಳಲಿಲ್ಲ, ಹಡಗು ಮಾಲ್ಟಾದ ದಡಕ್ಕೆ ಬಡಿದು ಒಡೆಯಿತು.